ಫ್ಯಾನ್ ತಿರುಗುತ್ತದೆ, ಹೊಗೆ ಮಾತ್ರ ಮೂಗಿಗೇ ಬರುತ್ತದೆ: ಬ್ಯಾಟರಿಯಲ್ಲಿ ಓಡುವ, ಹೊಗೆ ಎಳೆಯುವ ಡಬ್ಬಿಯ ದೋಷ ನಿವಾರಣೆ

ಇಲ್ಲಿ ಯಾವ ಡಬ್ಬಿಯ ಮಾತು ಅಂತ ಮೊದಲೇ ಹೇಳಿಬಿಡುತ್ತೇನೆ. ತ್ರೀಡಿ ಪ್ರಿಂಟರ್‌ನಲ್ಲಿ ತೆಗೆದ ಕವಚ. ಒಳಗೆ ಕಂಪ್ಯೂಟರ್‌ಗೆ ಹಾಕುವ 120 ಮಿ.ಮೀ. ಫ್ಯಾನ್. ಅದರ ಮುಂದೆ ಕಪ್ಪು ಕಾರ್ಬನ್ ಸ್ಪಂಜು. ಹಿಂದೆ ಒಂದೋ ಎರಡೋ 18650 ಲಿಥಿಯಂ ಸೆಲ್, ಚಾರ್ಜ್ ಮಾಡಲು ಟಿಪಿ4056 ಬೋರ್ಡು, ಸೆಲ್ಲಿನ 3.7 ವೋಲ್ಟನ್ನು 12ಕ್ಕೆ ಏರಿಸಲು ಎಂಟಿ3608 ಬೂಸ್ಟ್ ಬೋರ್ಡು, ಒಂದು ಸ್ವಿಚ್ಚು. ಸಾಲ್ಡರ್ ಮಾಡುವಾಗ, ಅಂದರೆ ಲೋಹದ ತಂತಿ ಕರಗಿಸಿ ಬೆಸುಗೆ ಹಾಕುವಾಗ, ಪಕ್ಕದಲ್ಲಿಟ್ಟುಕೊಂಡರೆ ಹೊಗೆ ಎಳೆದುಕೊಳ್ಳುತ್ತದೆ. ಕರೆಂಟ್ ಹೋದರೂ ಓಡುತ್ತದೆ. ವೈರಿನ ತಾಪತ್ರಯ ಇಲ್ಲ.

ಮೈಸೂರಿನಲ್ಲಿ ನನ್ನ ರಿಪೇರಿ ಟೇಬಲ್ಲಿಗೆ ಇಂಥ ಡಬ್ಬಿಗಳು ಆಗಾಗ ಬರುತ್ತವೆ. ಕಟ್ಟಿದವರು ಹೆಚ್ಚಾಗಿ ಕಾಲೇಜು ಹುಡುಗರು, ಕೆಲವರು ಮೊಬೈಲ್ ರಿಪೇರಿಯವರು. ಎಲ್ಲರೂ ಹೇಳುವುದು ಒಂದೇ ಮಾತು: "ಸರಿಯಾಗಿ ಎಳೀತಿಲ್ಲ ಸಾರ್, ಫ್ಯಾನ್ ವೀಕು, ದೊಡ್ಡದು ಹಾಕ್ಲಾ?" ಫ್ಯಾನ್ ಬದಲಿಸುವ ಮುಂಚೆ ಸ್ವಲ್ಪ ನಿಲ್ಲಿ. ಈ ಡಬ್ಬಿಯಲ್ಲಿ ಫ್ಯಾನ್ ಕೆಟ್ಟಿರುವುದು ಅಪರೂಪ. ಗಾಳಿಯ ದಾರಿ ಕೆಟ್ಟಿರುವುದೇ ಜಾಸ್ತಿ.

ಬೇಕಾಗುವ ಸಾಮಾನು ಎರಡೇ. ಒಂದು ಮಲ್ಟಿಮೀಟರ್. ಇನ್ನೊಂದು ಗಂಧದಕಡ್ಡಿ. ನಮ್ಮೂರಲ್ಲಿ ಅದಕ್ಕೇನೂ ಬರ ಇಲ್ಲ ಅಲ್ವಾ. ಸಾಲ್ಡರ್ ಹೊಗೆ ಒಂದೆರಡು ಸೆಕೆಂಡಿಗೆ ಮಾಯವಾಗುತ್ತದೆ. ಗಂಧದಕಡ್ಡಿಯದು ಒಂದೇ ಎಳೆಯಾಗಿ, ಬಿಡದೆ ಬರುತ್ತದೆ. ಗಾಳಿ ಎತ್ತ ಹೋಗುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ.

ಮೊದಲು ಭಾಗ ಮಾಡಿ: ಕರೆಂಟೋ, ಗಾಳಿಯೋ

ಮುಂದಿನ ಸ್ಪಂಜನ್ನು ಪೂರ್ತಿ ತೆಗೆಯಿರಿ. ಸ್ವಿಚ್ ಹಾಕಿ. ಗಂಧದಕಡ್ಡಿಯನ್ನು ಫ್ಯಾನಿನ ಮುಂದೆ ನಾಲ್ಕು ಬೆರಳು ದೂರದಲ್ಲಿ ಹಿಡಿಯಿರಿ.

ಹೊಗೆಯ ಎಳೆ ಬಾಗಿ ನೇರ ಒಳಗೆ ನುಗ್ಗಿತು ಅಂದರೆ ಫ್ಯಾನ್, ಬ್ಯಾಟರಿ, ಬೂಸ್ಟ್ ಬೋರ್ಡು ಮೂರೂ ಚೆನ್ನಾಗಿವೆ. ನಿಮ್ಮ ದೋಷ ಗಾಳಿಯ ದಾರಿಯಲ್ಲಿದೆ. ಫ್ಯಾನ್ ತಿರುಗದಿದ್ದರೆ, ಎಳೆದಾಡಿಕೊಂಡು ತಿರುಗಿದರೆ, ಸ್ವಲ್ಪ ಹೊತ್ತಿಗೆ ನಿಂತರೆ, ಅದು ಕರೆಂಟಿನ ಕಡೆಯದು.

ಮೂರನೆಯ ಸಾಧ್ಯತೆಯೂ ಒಂದಿದೆ. ಹೊಗೆ ನಿಮ್ಮ ಕಡೆಗೇ ಹಾರಿ ಬರುತ್ತದೆ. ಹಾಗಾದರೆ ಫ್ಯಾನ್ ತಿರುಗಾಮುರುಗಾ ಕೂತಿದೆ. ಈ ಫ್ಯಾನುಗಳಲ್ಲಿ ಸ್ಟಿಕ್ಕರ್ ಅಂಟಿಸಿ ನಾಲ್ಕು ಕಾಲುಗಳು ಹಿಡಿದಿರುವ ಬದಿಯಿಂದ ಗಾಳಿ ಹೊರಗೆ ಹೋಗುತ್ತದೆ. ಕೆಲವದರಲ್ಲಿ ಪಕ್ಕದ ಅಂಚಿನ ಮೇಲೆ ಬಾಣದ ಗುರುತೂ ಇರುತ್ತದೆ. ವೈರು ಅದಲುಬದಲು ಮಾಡಿದರೆ ಉಲ್ಟಾ ತಿರುಗುತ್ತದೆ ಅಂದುಕೊಳ್ಳಬೇಡಿ. ಇದು ಬ್ರಷ್ ಇಲ್ಲದ ಮೋಟಾರು. ಪ್ಲಸ್ ಮೈನಸ್ ಬದಲಾದರೆ ತಿರುಗುವುದೇ ಇಲ್ಲ, ಒಳಗಿನ ಸರ್ಕ್ಯೂಟು ಸುಟ್ಟರೂ ಸುಟ್ಟೀತು. ಸ್ಕ್ರೂ ಬಿಚ್ಚಿ ಫ್ಯಾನನ್ನೇ ತಿರುಗಿಸಿ ಕೂರಿಸಬೇಕು.

ಗಾಳಿಯ ದಾರಿ

ಮೊದಲು ತಲೆ ಎತ್ತಿ ಮೇಲೆ ನೋಡಿ. ಸೀಲಿಂಗ್ ಫ್ಯಾನ್ ಓಡುತ್ತಿದೆಯಾ? ಓಡುತ್ತಿದ್ದರೆ ಅದನ್ನು ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿ. ಮುಕ್ಕಾಲು ಪಾಲು ತಕರಾರು ಇಲ್ಲೇ ಮುಗಿಯುತ್ತದೆ ಅಂದರೆ ನೀವು ನಂಬಲಿಕ್ಕಿಲ್ಲ. ತಲೆಯ ಮೇಲಿನ ಫ್ಯಾನ್ ತಳ್ಳುವ ಗಾಳಿಯ ಮುಂದೆ ಈ ಪುಟ್ಟ ಫ್ಯಾನಿನ ಎಳೆತ ಏನೇನೂ ಅಲ್ಲ. ಏಪ್ರಿಲ್ ಸೆಕೆಯಲ್ಲಿ ಸೀಲಿಂಗ್ ಫ್ಯಾನ್ ಆರಿಸಿ ಕೂರುವುದು ಕಷ್ಟವೇ. ಹಾಗಂತ ಎರಡನ್ನೂ ಒಟ್ಟಿಗೆ ಓಡಿಸಿದರೆ ಡಬ್ಬಿ ಸುಮ್ನೆ ಬ್ಯಾಟರಿ ಖಾಲಿ ಮಾಡುತ್ತದೆ, ಅಷ್ಟೇ.

ಆಮೇಲೆ ದೂರ. ಊದುವುದಕ್ಕೂ ಹೀರುವುದಕ್ಕೂ ಬಹಳ ವ್ಯತ್ಯಾಸ ಇದೆ. ದೀಪವನ್ನು ಮೊಳ ದೂರದಿಂದ ಊದಿ ಆರಿಸಬಹುದು, ಉಸಿರು ಎಳೆದುಕೊಂಡು ಆರಿಸೋಕೆ ಆಗಲ್ಲ. ಹೀರುವಾಗ ಗಾಳಿ ಎದುರಿನಿಂದ ಮಾತ್ರ ಬರುವುದಿಲ್ಲ. ಮೇಲೆ, ಕೆಳಗೆ, ಪಕ್ಕ, ಎಲ್ಲ ಕಡೆಯಿಂದ ಬರುತ್ತದೆ. ಅದಕ್ಕೇ ಡಬ್ಬಿಯ ಬಾಯಿಂದ ದೂರ ಹೋದಂತೆ ಎಳೆತ ಬೇಗ ಬೇಗ ಸಾಯುತ್ತದೆ. ಬಾಯಿ ಎಷ್ಟು ಅಗಲವೋ ಅಷ್ಟು ದೂರಕ್ಕೆ ಹೋಗುವಷ್ಟರಲ್ಲಿ ಗಾಳಿಯ ವೇಗ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿದಿರುತ್ತದೆ. ನಿಮ್ಮ ಫ್ಯಾನ್ 120 ಮಿ.ಮೀ. ಅಂದರೆ ಒಂದು ಗೇಣಿಗಿಂತ ಕಡಿಮೆ. ಅಷ್ಟು ದೂರದಲ್ಲೇ ಹತ್ತರಲ್ಲೊಂದು ಪಾಲು ಉಳಿದಿದೆ. ಟೇಬಲ್ಲಿನ ಆ ತುದಿಯಲ್ಲಿಟ್ಟು ಎಳೆಯಲಿಲ್ಲ ಅಂದರೆ ಹೇಗೆ?

ಕೆಲಸದ ಜಾಗದಿಂದ 10 ಸೆಂ.ಮೀ. ಆಸುಪಾಸಿನಲ್ಲಿಡಿ. ಬಿಸಿ ಹೊಗೆ ಮೇಲಕ್ಕೇಳುತ್ತದೆ. ಆದ್ದರಿಂದ ಡಬ್ಬಿಯ ಬಾಯಿ ಬೋರ್ಡಿನ ಮಟ್ಟದಲ್ಲಿ ಇರುವುದಕ್ಕಿಂತ ಸ್ವಲ್ಪ ಮೇಲಿದ್ದು, ಸ್ವಲ್ಪ ಕೆಳಮುಖ ನೋಡುವಂತಿದ್ದರೆ ಒಳ್ಳೆಯದು. ಕಾಲುಗಳನ್ನು ಎತ್ತರ ಮಾಡಿ ಮತ್ತೆ ಪ್ರಿಂಟ್ ಮಾಡಿದರೂ ಆಯಿತು, ತಾತ್ಕಾಲಿಕಕ್ಕೆ ಎರಡು ಪುಸ್ತಕ ಕೆಳಗಿಟ್ಟರೂ ಆಯಿತು. ಬಾಯಿಯ ಸುತ್ತ ಟೊಪ್ಪಿಗೆಯಂಥ ಅಂಚು ಪ್ರಿಂಟ್ ಮಾಡಿ ಹಾಕಿದರೆ ಹಿಂದಿನಿಂದ ಬರುವ ಗಾಳಿ ತಡೆದು ಎದುರಿನ ಎಳೆತ ಹೆಚ್ಚುತ್ತದೆ. ಹೊಸ ಫ್ಯಾನ್ ಕೊಳ್ಳುವುದಕ್ಕಿಂತ ಇದು ಸೋವಿ.

ಈಗ ಸ್ಪಂಜು ಮತ್ತೆ ಹಾಕಿ. ಹೊಗೆ ಪರೀಕ್ಷೆ ಮತ್ತೆ ಮಾಡಿ. ಸ್ಪಂಜಿಲ್ಲದೆ ಚೆನ್ನಾಗಿ ಎಳೆದದ್ದು ಸ್ಪಂಜು ಹಾಕಿದ ಕೂಡಲೇ ಸತ್ತುಹೋದರೆ ಫಿಲ್ಟರ್ ದಪ್ಪ ಜಾಸ್ತಿ ಆಯಿತು ಅಂತ ಅರ್ಥ. ಕಂಪ್ಯೂಟರ್ ಫ್ಯಾನ್ ಇರುವುದೇ ತೆರೆದ ಜಾಗದಲ್ಲಿ ಜಾಸ್ತಿ ಗಾಳಿ ಸಾಗಿಸಲು. ಅಡ್ಡಿಯ ವಿರುದ್ಧ ಒತ್ತಿ ತಳ್ಳುವ ತಾಕತ್ತು ಅದಕ್ಕೆ ಬಹಳ ಕಡಿಮೆ, ನೀರನ್ನು ಮೇಲೆತ್ತುವ ಲೆಕ್ಕದಲ್ಲಿ ಹೇಳಿದರೆ ಕೆಲವೇ ಮಿ.ಮೀ. ಎತ್ತರದಷ್ಟು. ಹೆಚ್ಚು ಫಿಲ್ಟರ್ ಇದ್ದಷ್ಟೂ ಒಳ್ಳೆಯದು ಅಂತ ಎರಡು ಪದರ ಕಾರ್ಬನ್ನು, ಅದರ ಹಿಂದೆ ಅತಿ ಸಣ್ಣ ಕಣ ಹಿಡಿಯುವ ಹೆಪಾ ಹಾಳೆ ತುಂಬಿಸಿದ ಡಬ್ಬಿಗಳನ್ನು ನೋಡಿದ್ದೇನೆ. ಫ್ಯಾನ್ ಅಲ್ಲೇ ಗಾಳಿ ಕಡೆಯುತ್ತಾ ನಿಂತಿರುತ್ತದೆ, ಒಳಗೆ ಏನೂ ಬರುವುದಿಲ್ಲ. ಸದ್ದಿನಲ್ಲೇ ಗೊತ್ತಾಗುತ್ತದೆ. ಬಾಯಿಗೆ ಅಂಗೈ ಮುಚ್ಚಿದಾಗ ಬರುವ ಸದ್ದನ್ನು ಒಮ್ಮೆ ಕೇಳಿಸಿಕೊಳ್ಳಿ. ಫಿಲ್ಟರ್ ಹಾಕಿದಾಗಲೂ ಅದೇ ಸದ್ದು ಬಂದರೆ ಉಸಿರು ಕಟ್ಟಿದೆ ಅಂತಲೇ. ಒಂದೇ ಪದರ ಸಾಕು. ಹೆಪಾ ಬೇಕೇ ಬೇಕು ಅಂದರೆ ಚಪ್ಪಟೆ ಹಾಳೆ ಬೇಡ, ಮಡಿಕೆ ಮಡಿಕೆಯಾಗಿರುವ ದೊಡ್ಡ ಫಿಲ್ಟರ್ ತಗೊಳ್ಳಿ. ಅದರ ಜೊತೆ ಬಸವನಹುಳುವಿನ ಆಕಾರದ ಬ್ಲೋವರ್ ಹಾಕಿ. ಆಗ ಕವಚದ ಡಿಸೈನೇ ಬೇರೆ ಆಗುತ್ತದೆ, ಬ್ಯಾಟರಿಯೂ ದೊಡ್ಡದು ಬೇಕು.

ಪ್ರಿಂಟ್ ಮಾಡಿದ ಜಾಲರಿಯನ್ನೂ ಅನುಮಾನಿಸಿ. ಜೇನುಗೂಡಿನ ಜಾಲರಿ ನೋಡೋಕೆ ಚೆಂದ. ಆದರೆ ಗೋಡೆ ದಪ್ಪ, ತೂತು ಸಣ್ಣ ಆದರೆ ಅರ್ಧ ಬಾಯಿ ಮುಚ್ಚಿದಂತೆಯೇ. ಬೆರಳು ಹೋಗದಿದ್ದರೆ ಸಾಕು, ಅಷ್ಟು ದೊಡ್ಡ ತೂತಿಡಿ.

ಕೊನೆಗೆ ಸೋರಿಕೆ. ಗಂಧದಕಡ್ಡಿಯನ್ನು ಫಿಲ್ಟರಿನ ನಾಲ್ಕೂ ಅಂಚಿನ ಉದ್ದಕ್ಕೆ ನಿಧಾನವಾಗಿ ಒಯ್ಯಿರಿ. ಸ್ಪಂಜಿನ ನಡುವಿಗೆ ಹೋಗಬೇಕಾದ ಹೊಗೆ ಒಂದು ಮೂಲೆಗೆ ಗಬಕ್ಕನೆ ನುಗ್ಗಿದರೆ ಅಲ್ಲೊಂದು ಸಂದು ಇದೆ. ಗಾಳಿ ಸಲೀಸು ದಾರಿಯನ್ನೇ ಹಿಡಿಯುತ್ತದೆ. ಸಂದಿನಲ್ಲಿ ಹೋದ ಹೊಗೆ ಫಿಲ್ಟರ್ ಮುಟ್ಟದೆ ಹಿಂದಿನಿಂದ ಹೊರಬಂದು ಕೋಣೆ ಸುತ್ತುತ್ತದೆ. ಇದಕ್ಕೆ ಸಾಮಾನ್ಯ ಕಾರಣ ಪ್ರಿಂಟ್ ಆಗುವಾಗ ಮೂಲೆ ಮೇಲೆದ್ದಿರುವುದು. ಚೌಕಟ್ಟನ್ನು ಗಾಜಿನ ಮೇಲಿಟ್ಟು ಒಂದು ಮೂಲೆ ಒತ್ತಿ ನೋಡಿ. ಎದುರು ಮೂಲೆ ಎದ್ದರೆ ಸೊಟ್ಟ ಆಗಿದೆ. ಮತ್ತೆ ಪ್ರಿಂಟ್ ಮಾಡುವ ಅಗತ್ಯ ಇಲ್ಲ. ಬಾಗಿಲ ಸಂದಿಗೆ ಅಂಟಿಸುವ ಫೋಮ್ ಟೇಪು ಒಂದು ಸುತ್ತು ಹಾಕಿದರೆ ಸಾಕು. ಬಿಸಿ ಗ್ಲೂ ಸುರಿಯಬೇಡಿ, ಮುಂದಿನ ಸಲ ಫಿಲ್ಟರ್ ಬದಲಿಸುವಾಗ ಕವಚವೇ ಕಿತ್ತುಬರುತ್ತದೆ.

ಆಷಾಢದ ಗಾಳಿಯ ವಿಷಯ ಬೇರೆಯೇ. ಜೂನ್, ಜುಲೈನಲ್ಲಿ ಮೈಸೂರಿನಲ್ಲಿ ಕಿಟಕಿ ತೆರೆದಿಟ್ಟರೆ ಟೇಬಲ್ ಮೇಲಿನ ಕಾಗದ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಡಬ್ಬಿಯ ಬೆನ್ನು ಕಿಟಕಿ ಕಡೆ ಮಾಡಿಟ್ಟು ಚೆನ್ನಾಗಿ ಓಡಿಸಿದವರು ಆಷಾಢ ಬಂದ ಕೂಡಲೇ ಕೆಟ್ಟುಹೋಯಿತು ಅನ್ನುತ್ತಾರೆ. ಏನೂ ಕೆಟ್ಟಿಲ್ಲ. ಹೊರಗಿನ ಗಾಳಿ ಫ್ಯಾನಿನ ಬೆನ್ನಿಗೆ ಹೊಡೆದು ವಾಪಸ್ ತಳ್ಳುತ್ತಿದೆ. ಟೇಬಲ್ ತಿರುಗಿಸಿ, ಗಾಳಿ ನಿಮ್ಮ ಪಕ್ಕದಿಂದ ಹಾದು ಹೋಗುವಂತೆ ಕೂರಿ.

ಕರೆಂಟಿನ ಕಡೆ

ಇಲ್ಲಿ ಒಂದು ನಿಯಮ ಇಟ್ಟುಕೊಳ್ಳಿ. ವೋಲ್ಟೇಜನ್ನು ಫ್ಯಾನ್ ಓಡುತ್ತಿರುವಾಗ ಅಳೆಯಬೇಕು. ಸ್ವಿಚ್ ಆಫ್ ಮಾಡಿ ಸೆಲ್ ಅಳೆದು "3.9 ಇದೆ, ಬ್ಯಾಟರಿ ಸರಿ ಇದೆ" ಅಂದರೆ ಏನೂ ಹೇಳಿದಂತೆ ಆಗಲಿಲ್ಲ.

ಲೆಕ್ಕ ಸುಲಭ. ಫ್ಯಾನಿನ ಸ್ಟಿಕ್ಕರ್ ಮೇಲೆ 12 ವೋಲ್ಟ್, 0.2 ಆಂಪಿಯರ್ ಅಂತಿದ್ದರೆ 2.4 ವ್ಯಾಟ್. ಬೂಸ್ಟ್ ಬೋರ್ಡು ನೂರಕ್ಕೆ 85ರಷ್ಟು ದಕ್ಷತೆಯಲ್ಲಿ ಓಡಿದರೆ ಸೆಲ್ಲಿನಿಂದ 2.8 ವ್ಯಾಟ್ ಬೇಕು. 3.7 ವೋಲ್ಟಿನಲ್ಲಿ ಅದು ಮುಕ್ಕಾಲು ಆಂಪಿಯರ್. ಸೆಲ್ ಇಳಿದು 3.1ಕ್ಕೆ ಬಂದಾಗ 0.9 ಆಂಪಿಯರ್. ಇದೇ ಬೂಸ್ಟಿನ ತರಲೆ. ವೋಲ್ಟೇಜ್ ಕುಸಿದಷ್ಟೂ ಅದು ಜಾಸ್ತಿ ಕರೆಂಟ್ ಎಳೆಯುತ್ತದೆ. ಜಾಸ್ತಿ ಎಳೆದಾಗ ವೈರಿನಲ್ಲಿ ಇನ್ನಷ್ಟು ಕುಸಿಯುತ್ತದೆ. ಕುಸಿದಾಗ ಮತ್ತೂ ಎಳೆಯುತ್ತದೆ.

ಮಂಡ್ಯದಿಂದ ಒಬ್ಬ ಇಂಜಿನಿಯರಿಂಗ್ ಹುಡುಗ ತಂದ ಡಬ್ಬಿ ಇದಕ್ಕೆ ಒಳ್ಳೆಯ ಉದಾಹರಣೆ. ಸ್ವಿಚ್ ಹಾಕಿದರೆ ಫ್ಯಾನ್ ಒಂದು ಸಲ ಮಿಸುಕುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಮಿಸುಕುತ್ತಿತ್ತು. ಟಿಕ್, ಟಿಕ್ ಅಂತ ಸದ್ದು. ಅವನು ಆಗಲೇ ಹೊಸ ಬೂಸ್ಟ್ ಬೋರ್ಡು ಹಾಕಿದ್ದ, ಹೊಸ ಫ್ಯಾನೂ ಹಾಕಿದ್ದ. ಮಿಸುಕಾಟ ಹಾಗೇ ಇತ್ತು.

ಮಿಸುಕುವಾಗ ಮೀಟರಿನಲ್ಲಿ ಏನೂ ನಿಲ್ಲುವುದಿಲ್ಲ. ಹಾಗಾಗಿ ಬೂಸ್ಟಿನ ಔಟ್‌ಪುಟ್ಟನ್ನು 9 ವೋಲ್ಟಿಗೆ ಇಳಿಸಿದೆ. ಭಾರ, ಅಂದರೆ ಎಳೆಯುವ ಕರೆಂಟು, ಕಡಿಮೆ ಆಗಿ ಫ್ಯಾನ್ ನಿಲ್ಲದೆ ತಿರುಗಿತು. ಆಗ ಅಳತೆ ತಗೊಂಡೆ. ಸೆಲ್ಲಿನ ಲೋಹದ ತುದಿಗಳ ಮೇಲೇ ಮೀಟರ್ ಇಟ್ಟರೆ 3.8 ವೋಲ್ಟ್. ಬೂಸ್ಟ್ ಬೋರ್ಡಿನ ಇನ್‌ಪುಟ್ಟಿನಲ್ಲಿ 3.4. ನಡುವೆ 0.4 ವೋಲ್ಟ್ ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿಯನ್ನು ಸೆಲ್ಲಿನ ಪ್ಲಸ್ಸಿನ ಮೇಲೆ, ಇನ್ನೊಂದನ್ನು ಹೋಲ್ಡರಿನಿಂದ ಹೊರಡುವ ವೈರಿನ ಮೇಲೆ ಇಟ್ಟೆ. ಮೈನಸ್ ಕಡೆಯೂ ಹಾಗೇ. ಎರಡೂ ಸ್ಪ್ರಿಂಗು ಸೇರಿ 0.22 ವೋಲ್ಟ್ ನುಂಗುತ್ತಿದ್ದವು. ಬ್ರೆಡ್‌ಬೋರ್ಡಿಗೆ ಬಳಸುವ ತೆಳು ಜಂಪರ್ ವೈರುಗಳಲ್ಲಿ 0.12. ಉಳಿದದ್ದು ಸ್ವಿಚ್ಚು ಮತ್ತು ಚಾರ್ಜಿಂಗ್ ಬೋರ್ಡಿನ ರಕ್ಷಣೆ ಭಾಗದಲ್ಲಿ.

0.4 ವೋಲ್ಟ್ ಅಷ್ಟೇ ತಾನೆ ಅನ್ನಿಸಬಹುದು. ಆದರೆ ಇದು ಸುಮಾರು ಅರ್ಧ ಆಂಪಿಯರ್ ಹರಿಯುವಾಗಿನ ಕುಸಿತ. 12 ವೋಲ್ಟಿಗೆ ಇಟ್ಟು ಸ್ವಿಚ್ ಹಾಕಿದ ಆ ಕ್ಷಣದಲ್ಲಿ ಫ್ಯಾನ್ ನಿಂತಲ್ಲಿಂದ ಏಳಬೇಕು, ಕೆಪಾಸಿಟರುಗಳು ತುಂಬಬೇಕು. ಆಗ 2 ಆಂಪಿಯರ್ ಎಳೆದರೆ 1.6 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಬೂಸ್ಟಿಗೆ ಸಿಗುವುದು 2.2. ಎಂಟಿ3608 ಚಿಪ್ಪು ಸುಮಾರು 2 ವೋಲ್ಟಿನ ಕೆಳಗೆ ಕೆಲಸ ನಿಲ್ಲಿಸುತ್ತದೆ, ಇನ್ನೊಂಚೂರು ಕರೆಂಟ್ ಎಳೆದರೆ ಅಲ್ಲಿಗೇ ಬಂತು. ನಿಲ್ಲಿಸಿದ ಕೂಡಲೇ ಭಾರ ಹೋಗಿ ವೋಲ್ಟೇಜ್ ಮೇಲೇಳುತ್ತದೆ. ಚಿಪ್ಪು ಮತ್ತೆ ಶುರು ಮಾಡುತ್ತದೆ. ಮತ್ತೆ ಕುಸಿತ. ಟಿಕ್, ಟಿಕ್.

ಸ್ಪ್ರಿಂಗ್ ಹೋಲ್ಡರ್ ಬಿಸಾಕಿ, ನಿಕ್ಕಲ್ ಪಟ್ಟಿ ವೆಲ್ಡ್ ಆಗಿರುವ ಸೆಲ್ ಹಾಕಿಸಿದೆ. ಜಂಪರ್ ತೆಗೆದು ದಪ್ಪ ಸಿಲಿಕಾನ್ ವೈರು ಹಾಕಿ, ಬೂಸ್ಟಿನ ಇನ್‌ಪುಟ್ಟಿಗೆ ಅಡ್ಡಲಾಗಿ ಒಂದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿದ ಮೇಲೆ 12 ವೋಲ್ಟಿನಲ್ಲೂ ಸರಾಗ. ಬರಿ ಸೆಲ್ಲಿನ ಮೇಲೆ ನೇರ ಸಾಲ್ಡರ್ ಮಾಡಬೇಡಿ, ಆ ಬಿಸಿ ಒಳಗಿನ ಸೀಲನ್ನು ಹಾಳು ಮಾಡುತ್ತದೆ. ಪಟ್ಟಿ ಇರುವ ಸೆಲ್ಲೇ ಸಿಗುತ್ತದೆ, ಅದನ್ನೇ ಕೇಳಿ ತಗೊಳ್ಳಿ.

ನನ್ನನ್ನು ಕೇಳಿದರೆ ಅಷ್ಟೆಲ್ಲ ಆದಮೇಲೂ 9 ಅಥವಾ 10 ವೋಲ್ಟಿನಲ್ಲೇ ಬಿಡಿ. ಗಾಳಿ ಸ್ವಲ್ಪ ಕಡಿಮೆ ಆಗುತ್ತದೆ, ಸದ್ದು ಬಹಳ ಕಡಿಮೆ ಆಗುತ್ತದೆ, ಸೆಲ್ ಜಾಸ್ತಿ ಹೊತ್ತು ಬರುತ್ತದೆ. ಎಳೆತ ಸಾಲದಿದ್ದರೆ ಡಬ್ಬಿಯನ್ನು ಎರಡು ಬೆರಳು ಹತ್ತಿರ ತನ್ನಿ.

ಮಿಸುಕಾಟವೇ ಇಲ್ಲದೆ, ಒಂದು ಸಲ ತಿರುಗಲು ಹೋಗಿ ಪೂರ್ತಿ ಸತ್ತು ಮಲಗಿದರೆ ಅದು ಬೇರೆ ರೋಗ. ರಕ್ಷಣೆ ಇರುವ ಟಿಪಿ4056 ಬೋರ್ಡಿನಲ್ಲಿ ಡಿಡಬ್ಲ್ಯು01 ಅನ್ನುವ ಕಾವಲು ಚಿಪ್ಪು ಇರುತ್ತದೆ. ಸುಮಾರು 3 ಆಂಪಿಯರ್ ದಾಟಿದರೆ ಅದು ಕೊಂಡಿ ಕತ್ತರಿಸುತ್ತದೆ. ಭಾರ ತೆಗೆಯುವವರೆಗೂ ಮತ್ತೆ ಸೇರಿಸುವುದಿಲ್ಲ. ಸ್ವಿಚ್ ಆಫ್ ಮಾಡಿ ಸ್ವಲ್ಪ ಬಿಟ್ಟು ಹಾಕಿದರೆ ಜೀವ ಬರುತ್ತದೆ, ಮತ್ತೆ ಸಾಯುತ್ತದೆ. ಹಾಗಿದ್ದರೆ ಎಲ್ಲೋ ಶಾರ್ಟ್ ಇದೆ, ಇಲ್ಲವೇ ಕೆಪಾಸಿಟರ್ ತೀರಾ ದೊಡ್ಡದು ಹಾಕಿದ್ದೀರಿ. ಸ್ವಿಚ್ ಆಫ್ ಆನ್ ಮಾಡಿದರೂ ಏಳದಿದ್ದರೆ ಸೆಲ್ 2.4 ವೋಲ್ಟಿಗಿಂತ ಕೆಳಗಿಳಿದು ಅದೇ ಕಾವಲು ಚಿಪ್ಪು ಬಾಗಿಲು ಹಾಕಿರಬಹುದು. ಚಾರ್ಜರ್ ಸಿಕ್ಕಿಸಿದರೆ ಏಳುತ್ತದೆ. ಆದರೆ ತಿಂಗಳುಗಟ್ಟಲೆ ಹಾಗೆ ಖಾಲಿ ಬಿದ್ದಿದ್ದ ಸೆಲ್ಲನ್ನು ಎಬ್ಬಿಸುವ ಸಾಹಸ ಬೇಡ, ಬದಲಿಸಿ.

ಇಷ್ಟು ಖಾಲಿ ಆಗುವುದಕ್ಕೆ ಮುಖ್ಯ ಕಾರಣ ಸ್ವಿಚ್ಚಿನ ಜಾಗ. ಬೂಸ್ಟಿಗೂ ಫ್ಯಾನಿಗೂ ನಡುವೆ ಸ್ವಿಚ್ ಹಾಕಿದ್ದರೆ ಫ್ಯಾನ್ ನಿಂತರೂ ಬೂಸ್ಟ್ ಎಚ್ಚರವಾಗಿಯೇ ಇರುತ್ತದೆ, ಒಂದೆರಡು ಮಿಲಿಆಂಪಿಯರ್ ಹೀರುತ್ತಲೇ ಇರುತ್ತದೆ. ರಜೆಗೆ ಊರಿಗೆ ಹೋಗಿ ಒಂದೆರಡು ತಿಂಗಳು ಬಿಟ್ಟು ಬಂದರೆ ಸೆಲ್ ಬರಿದು. ಸ್ವಿಚ್ ಯಾವತ್ತೂ ಚಾರ್ಜಿಂಗ್ ಬೋರ್ಡಿನ ಔಟ್‌ಪುಟ್ಟಿಗೂ ಬೂಸ್ಟಿನ ಇನ್‌ಪುಟ್ಟಿಗೂ ನಡುವೆ ಇರಬೇಕು.

ಹೊಸ ಬೂಸ್ಟ್ ಬೋರ್ಡಿನ ಬಗ್ಗೆ ಒಂದು ಮಾತು. "ಸ್ಕ್ರೂ ತಿರುಗಿಸಿದರೂ 12 ಬರ್ತಿಲ್ಲ, ಇನ್‌ಪುಟ್ಟಿನಷ್ಟೇ ಬರ್ತಿದೆ" ಅಂತ ತಂದುಕೊಡುತ್ತಾರೆ. ವೋಲ್ಟೇಜ್ ಹೊಂದಿಸುವ ಆ ನೀಲಿ ಪಾಟಿನ ಹಿತ್ತಾಳೆ ಸ್ಕ್ರೂ ಹಲವು ಸುತ್ತಿನದು. ಎಡಕ್ಕೆ ಹತ್ತಾರು ಸುತ್ತು ತಿರುಗಿಸುವ ತನಕ ಏನೂ ಆಗದೇ ಇರಬಹುದು. ಆಮೇಲೆ ಒಮ್ಮೆಲೇ ಏರುತ್ತದೆ. ಅದು 28 ವೋಲ್ಟಿನವರೆಗೂ ಹೋಗಬಲ್ಲದು. ಫ್ಯಾನ್ ಬಿಚ್ಚಿಟ್ಟು, ಮೀಟರ್ ಮಾತ್ರ ಹಾಕಿಕೊಂಡು ತಿರುಗಿಸಿ.

ಎಷ್ಟು ಹೊತ್ತು ಓಡಬೇಕು ಅನ್ನುವುದನ್ನೂ ಲೆಕ್ಕ ಹಾಕಿ ನೋಡಿ. ನಿಜವಾದ 2500 ಮಿಲಿಆಂಪಿಯರ್-ಗಂಟೆಯ ಒಂದು ಸೆಲ್ ಮೇಲೆ ಹೇಳಿದ ಫ್ಯಾನನ್ನು 12 ವೋಲ್ಟಿನಲ್ಲಿ ಮೂರು ಗಂಟೆ ಓಡಿಸುತ್ತದೆ. ನಿಮ್ಮದು ಅರ್ಧ ಗಂಟೆಗೇ ನಿಂತರೆ ಸೆಲ್ ಹಳೆಯದು, ಇಲ್ಲವೇ ಸುಳ್ಳು. 18650 ಅಳತೆಯಲ್ಲಿ 3500ರ ಆಸುಪಾಸಿಗಿಂತ ಬಹಳ ಮೇಲಿನ ಸಂಖ್ಯೆ ಬರೆದಿದ್ದರೆ ನಂಬಬೇಡಿ. 9900 ಅಂತ ಅಚ್ಚು ಹಾಕಿದವೂ ಸಿಗುತ್ತವೆ. ಕೈಯಲ್ಲಿ ತೂಗಿ ನೋಡಿ. ಒಳ್ಳೆಯ ಸೆಲ್ 45 ಗ್ರಾಂ ಆಸುಪಾಸು ಇರುತ್ತದೆ, ಸುಳ್ಳು ಸೆಲ್ ಹಗುರ. ಹಳೆ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಕಿತ್ತ ಎರಡು ಸೆಲ್ಲನ್ನು ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಆಗಿ ಜೋಡಿಸುವುದಾದರೆ ಮೊದಲು ಎರಡರ ವೋಲ್ಟೇಜನ್ನೂ ಸಮ ಮಾಡಿಕೊಂಡೇ ಸೇರಿಸಿ. ಇಲ್ಲದಿದ್ದರೆ ತುಂಬಿದ್ದು ಖಾಲಿಯಾದದ್ದಕ್ಕೆ ಒಮ್ಮೆಲೇ ಸುರಿಯುತ್ತದೆ.

ಚಾರ್ಜ್ ಆಗುವುದಿಲ್ಲ, ಅಥವಾ ಮುಗಿಯುವುದೇ ಇಲ್ಲ

ಬೋರ್ಡಿನಲ್ಲಿ ಟೈಪ್-ಸಿ ಕಿಂಡಿ ಇದೆ. ಹೊಸ ಫೋನಿನ ಚಾರ್ಜರಿಗೆ ಎರಡೂ ಕಡೆ ಟೈಪ್-ಸಿ ಇರುವ ಕೇಬಲ್ ಹಾಕಿದರೆ ದೀಪವೇ ಹತ್ತುವುದಿಲ್ಲ. ಬೋರ್ಡು ಸತ್ತಿದೆ ಅಂದುಕೊಳ್ಳಬೇಡಿ. ಕೆಲವು ಸೋವಿ ಬೋರ್ಡುಗಳಲ್ಲಿ ಚಾರ್ಜರಿಗೆ "ನಾನಿದ್ದೇನೆ" ಅಂತ ಹೇಳುವ 5.1 ಕಿಲೋಓಂ ರೆಸಿಸ್ಟರುಗಳನ್ನೇ ಹಾಕಿರುವುದಿಲ್ಲ. ಒಂದು ಕಡೆ ಹಳೆಯ ಅಗಲ ಯುಎಸ್‌ಬಿ ಇರುವ ಕೇಬಲ್ ಹಾಕಿ ನೋಡಿ. ಹತ್ತಿದರೆ ಮುಗಿಯಿತು.

ಕೆಂಪು ದೀಪ ರಾತ್ರಿಯೆಲ್ಲ ಉರಿದರೂ ನೀಲಿ ಬರಲಿಲ್ಲವೇ? ಫ್ಯಾನ್ ಓಡಿಸಿಕೊಂಡೇ ಚಾರ್ಜಿಗೆ ಹಾಕಿದ್ದೀರಾ ನೋಡಿ. ಕರೆಂಟು ತಾನು ಶುರುಮಾಡಿದ್ದರ ಹತ್ತನೇ ಒಂದಕ್ಕೆ ಇಳಿದಾಗ ಟಿಪಿ4056 ಚಾರ್ಜ್ ನಿಲ್ಲಿಸುತ್ತದೆ. 1 ಆಂಪಿಯರಿಗೆ ಹೊಂದಿಸಿದ ಬೋರ್ಡಾದರೆ 0.1ಕ್ಕೆ ಇಳಿಯಬೇಕು. ಫ್ಯಾನೇ ಮುಕ್ಕಾಲು ಆಂಪಿಯರ್ ತಿನ್ನುತ್ತಿದ್ದರೆ ಅದು ಇಳಿಯುವುದು ಎಲ್ಲಿಂದ? ಚಾರ್ಜ್ ಮಾಡುವಾಗ ಫ್ಯಾನ್ ಆಫ್ ಇರಲಿ.

ಈ ಚಿಪ್ಪು ಚಾರ್ಜ್ ಮಾಡುವಾಗ ಬಿಸಿ ಆಗುತ್ತದೆ. ಖಾಲಿ ಸೆಲ್ಲಿಗೆ 1 ಆಂಪಿಯರ್ ಕೊಡುವಾಗ 2 ವ್ಯಾಟ್‌ನಷ್ಟು ಶಾಖ ಅಷ್ಟು ಪುಟ್ಟ ಜಾಗದಲ್ಲಿ. ಪ್ರಿಂಟರ್‌ಗೆ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ 55ರಿಂದ 60 ಡಿಗ್ರಿಗೇ ಮೆತ್ತಗಾಗುತ್ತದೆ. ಬೋರ್ಡು ಕೂರಿಸಿದ ಗೂಡು ಕರಗಿದಂತೆ ಸೊಟ್ಟಗಾಗಿ ಯುಎಸ್‌ಬಿ ಕಿಂಡಿ ಒಳಗೆ ಜಾರಿದ ಡಬ್ಬಿಗಳನ್ನು ನೋಡಿದ್ದೇನೆ. ಬೋರ್ಡಿನ ಮೇಲೆ 1.2 ಕಿಲೋಓಂ ರೆಸಿಸ್ಟರ್ ಇರುತ್ತದೆ. ಅದನ್ನು ತೆಗೆದು 2 ಕಿಲೋಓಂ ಹಾಕಿದರೆ ಕರೆಂಟು 580 ಮಿಲಿಆಂಪಿಯರಿಗೆ ಇಳಿಯುತ್ತದೆ. ಚಾರ್ಜ್ ಆಗಲು ಹೊತ್ತು ಹಿಡಿಯುತ್ತದೆ, ಹಿಡಿಯಲಿ ಬಿಡಿ.

ಪ್ರಿಂಟ್ ಭಾಗಗಳು, ಸದ್ದು

ಡಬ್ಬಿ ಹೊಸದಾಗಿ ಪ್ರಿಂಟ್ ಮಾಡುವವರು ಪಿಎಲ್‌ಎ ಬಿಟ್ಟು ಪಿಇಟಿಜಿ ಬಳಸಿ. ಅದು 80 ಡಿಗ್ರಿ ಆಸುಪಾಸಿನವರೆಗೆ ತಡೆಯುತ್ತದೆ. ಬೇಸಿಗೆಯಲ್ಲಿ ಶ್ರೀರಂಗಪಟ್ಟಣದಲ್ಲಿ ಬಿಸಿಲಿಗೆ ಕಾರು ನಿಲ್ಲಿಸಿ, ಡಬ್ಬಿಯನ್ನು ಗಾಜಿನ ಹಿಂದೆ ಇಟ್ಟು ಸ್ನಾನಘಟ್ಟಕ್ಕೆ ಹೋಗಿ ಬಂದರೆ ಪಿಎಲ್‌ಎ ಕವಚ ಕುಗ್ಗಿ ಕೂತಿರುತ್ತದೆ. ಲಿಥಿಯಂ ಸೆಲ್ಲಿಗೂ ಆ ಬಿಸಿ ಆಗಿಬರುವುದಿಲ್ಲ.

ಕರಕರ ಸದ್ದು ಬಂದರೆ ಫ್ಯಾನಿನ ನಾಲ್ಕೂ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ. ಸೊಟ್ಟ ಕವಚಕ್ಕೆ ಬಿಗಿದು ಕಟ್ಟಿದಾಗ ಫ್ಯಾನಿನ ಚೌಕಟ್ಟೂ ಸೊಟ್ಟಗಾಗಿ ರೆಕ್ಕೆ ಅಂಚಿಗೆ ತಾಗುತ್ತದೆ. ತೂತುಗಳ ನಡುವಿನ ಅಂತರ 105 ಮಿ.ಮೀ. ಇರಬೇಕು. ಪ್ರಿಂಟ್ ಕುಗ್ಗಿ 104 ಆಗಿದ್ದರೂ ಇದೇ ಪಾಡು. ಬಹಳ ದಿನ ಓಡಿಸಿದ ಡಬ್ಬಿಯಾದರೆ ರೆಕ್ಕೆ ಮುಟ್ಟಿ ನೋಡಿ. ಅಂಟಂಟಾಗಿದ್ದರೆ ಫ್ಲಕ್ಸಿನ (ಬೆಸುಗೆ ಹಿಡಿಯಲೆಂದು ಸಾಲ್ಡರ್ ತಂತಿಯೊಳಗೆ ಇರುವ ವಸ್ತು) ರಾಳ ಕೂತಿದೆ, ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ರೆಕ್ಕೆಗೆ ರಾಳ ಕೂರುತ್ತಿದೆ ಅಂದರೆ ಫಿಲ್ಟರಿನ ಪಕ್ಕದ ಸಂದಿನಿಂದ ಹೊಗೆ ನುಸುಳುತ್ತಿದೆ ಅಂತಲೂ ಅನುಮಾನಿಸಿ.

ಹೊಗೆ ಹೋಯಿತು, ವಾಸನೆ ಉಳಿಯಿತು

ಕೊನೆಯ ತಕರಾರು ಇದು. ಇದಕ್ಕೆ ಉತ್ತರ ಹೇಳಬೇಕಾದರೆ ಆ ಹೊಗೆ ಏನು ಅಂತ ಹೇಳಬೇಕು. ಅದು ಸೀಸದ ಹೊಗೆ ಅಂತ ಬಹಳ ಜನ ಹೆದರುತ್ತಾರೆ. ಸೀಸ ಕುದಿಯುವುದು 1749 ಡಿಗ್ರಿಯಲ್ಲಿ. ನಿಮ್ಮ ಸಾಲ್ಡರಿಂಗ್ ಐರನ್ ತುದಿ 350 ಡಿಗ್ರಿ. ಏಳುವ ಬಿಳಿ ಹೊಗೆ ಫ್ಲಕ್ಸಿನದು, ಹೆಚ್ಚಾಗಿ ಪೈನ್ ಮರದ ರಾಳದ್ದು. ಅದೇನು ಸಾಧು ಅಲ್ಲ. ದಿನಾ ಆ ಹೊಗೆ ಕುಡಿದವರಿಗೆ ಅಸ್ತಮಾ ತರಬಲ್ಲದು ಅನ್ನುವುದು ಚೆನ್ನಾಗಿ ಗೊತ್ತಿರುವ ವಿಷಯ. ಸೀಸ ಬರುವುದು ಕೈಯಿಂದ ಬಾಯಿಗೆ, ಸಾಲ್ಡರ್ ತಂತಿ ಹಿಡಿದ ಬೆರಳಲ್ಲೇ ಚುರುಮುರಿ ತಿಂದಾಗ.

ಹೊಗೆಯಲ್ಲಿ ಎರಡು ಭಾಗ. ಒಂದು ಕಣ್ಣಿಗೆ ಕಾಣುವ ಸಣ್ಣ ಕಣಗಳು, ಇನ್ನೊಂದು ವಾಸನೆಯ ಅನಿಲ. ಕಾರ್ಬನ್ ಸ್ಪಂಜು ಅನಿಲವನ್ನು ಹೀರಿಕೊಳ್ಳುತ್ತದೆ. ಕಣಗಳಲ್ಲಿ ಒಂದಷ್ಟನ್ನು ಮಾತ್ರ ಹಿಡಿಯುತ್ತದೆ, ಅದರ ತೂತುಗಳು ಅವಕ್ಕೆ ಬಲು ದೊಡ್ಡವು. ಹಾಗಾಗಿ ಈ ಡಬ್ಬಿಯ ನಿಜವಾದ ಕೆಲಸ ಹೊಗೆಯನ್ನು ನಿಮ್ಮ ಮೂಗಿನಿಂದ ಆಚೆ ಒಯ್ಯುವುದು. ಶುದ್ಧ ಮಾಡುವುದು ಅರ್ಧಂಬರ್ಧ. ಕಿಟಕಿ ಬೇಕೇ ಬೇಕು.

ಮೊದಲು ಬರದಿದ್ದ ವಾಸನೆ ಈಗ ಬರುತ್ತಿದ್ದರೆ ಕಾರ್ಬನ್ ತುಂಬಿ ಹೋಗಿದೆ. ನೀರಲ್ಲಿ ತೊಳೆದು ಬಿಸಿಲಿಗಿಟ್ಟರೆ ಧೂಳು ಹೋಗುತ್ತದೆ, ಕಾರ್ಬನ್ ಹೊಸದಾಗುವುದಿಲ್ಲ. ಬದಲಿಸಬೇಕು. ಆ್ಯಕ್ಟಿವೇಟೆಡ್ ಕಾರ್ಬನ್ ಮಾಡುವುದೇ ತೆಂಗಿನ ಚಿಪ್ಪಿನಿಂದ, ನಮ್ಮ ಹಳ್ಳಿ ಮನೆಯಲ್ಲಿ ಚಿಪ್ಪಿನ ಕೆಂಡ ಬೇಕಾದಷ್ಟಿದೆ, ಅದನ್ನೇ ಕುಟ್ಟಿ ಬಲೆಯಲ್ಲಿ ತುಂಬಿದರೆ ಆಗಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಕಾರ್ಖಾನೆಯಲ್ಲಿ ಆ ಇದ್ದಿಲನ್ನು 800 ಡಿಗ್ರಿಗೂ ಮೇಲೆ ಕಾಯಿಸಿ ಹಬೆ ಹಾಯಿಸುತ್ತಾರೆ. ಆಗ ಅದರೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳು ತೆರೆಯುತ್ತವೆ. ವಾಸನೆ ಹಿಡಿಯುವುದು ಆ ರಂಧ್ರಗಳು. ಒಲೆಯ ಇದ್ದಿಲಿನಲ್ಲಿ ಅವು ಇರುವುದಿಲ್ಲ, ಇರುವುದು ಕರಿ ಪುಡಿ. ಫ್ಯಾನ್ ಹಾಕಿದ ಕೂಡಲೇ ಅದು ನಿಮ್ಮ ಬೋರ್ಡಿನ ಮೇಲೆಲ್ಲ ಹಾರುತ್ತದೆ. ಸ್ಪಂಜು ಸಿಗದಿದ್ದರೆ ಮೀನಿನ ತೊಟ್ಟಿ ಅಂಗಡಿಯಲ್ಲಿ ಕಾಳಿನಂಥ ಆ್ಯಕ್ಟಿವೇಟೆಡ್ ಕಾರ್ಬನ್ ಸಿಗುತ್ತದೆ. ತೊಳೆದು ಒಣಗಿಸಿ, ಒಂದು ಸೆಂ.ಮೀ. ದಪ್ಪದ ತೆಳು ತಟ್ಟೆ ಪ್ರಿಂಟ್ ಮಾಡಿ ಎರಡೂ ಬದಿ ಸೊಳ್ಳೆಪರದೆ ಬಟ್ಟೆ ಅಂಟಿಸಿ ತುಂಬಿ. ದಪ್ಪ ಅದಕ್ಕಿಂತ ಹೆಚ್ಚಿಸಿದರೆ ಮತ್ತೆ ಫ್ಯಾನಿನ ಉಸಿರು ಕಟ್ಟುತ್ತದೆ, ಗಂಧದಕಡ್ಡಿ ಹಿಡಿದು ನೋಡಿಕೊಂಡೇ ತುಂಬಿ.